ಕಲೆಸದೆ ಹಾಕಿದ ಸೂಪರ್

ನನಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿ ಮಲೆನಾಡಿನ ಜಾವಳಿ ಕಡೆಯ ಈ ಮನೆಗೆ ಬರುವಾಗ ತವರಿನಿಂದ ತಂದದ್ದು ಆ ಕೋಪ ಮತ್ತು ಕೆಮಿಸ್ಟ್ರಿ ಓದಿದ ಒಂದು ಬಿಎಸ್ಸಿ ಡಿಗ್ರಿ. ಎರಡರಲ್ಲಿ ಕೋಪಕ್ಕೆ ಮಾತ್ರ ದಿನಾ ಕೆಲಸವಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ, ಗದ್ದೆಯ ಮೇಲಿನ ಕೆಂಪು ಗುಡ್ಡದಲ್ಲಿ ನಾನೂ ನಮ್ಮನೆಯವರೂ ಕಾಫಿ ಗಿಡ ನೆಟ್ಟೆವು. ಇದು ನಿನ್ನದು, ನೋಡಿಕೊ ಎಂದು ಮಾವನವರು ನನಗೆ ಬಿಟ್ಟುಕೊಟ್ಟ ಮೊದಲ ಜಾಗ ಅದು. ಎರಡು ವರ್ಷವಾದರೂ ಗಿಡಗಳು ಮೊಣಕಾಲು ದಾಟಲಿಲ್ಲ. ಎಲೆಗೆ ಹೊಳಪಿಲ್ಲ, ಬೇರಿಗೆ ಹಿಡಿತವಿಲ್ಲ. ಕೆಳಗಿನ ಗದ್ದೆಯಲ್ಲಿ ಮಾತ್ರ, ಅದೇ ಮೂಟೆಯ ಸೂಪರ್ ಫಾಸ್ಫೇಟ್ ಉಂಡ ಭತ್ತ ಕಪ್ಪುಹಸಿರಾಗಿ ತೂಗುತ್ತಿತ್ತು.

"ಗೊಬ್ಬರದ್ದು ತಪ್ಪಿಲ್ಲ, ಹಾಕೋ ಕೈಯದ್ದು" ಎಂದರು ಮಾವನವರು. ನನಗೆ ಉರಿದುಹೋಯಿತು. ಅವರು ಹೇಳಿದ ಹಾಗೆಯೇ ಹಾಕಿದ್ದೆ! ಗಿಡದ ಸುತ್ತ ಮಣ್ಣು ಸಡಿಲಿಸಿ, ಸೂಪರ್ ಉದುರಿಸಿ, ಒಂದು ಕಾಳೂ ಕಾಣದ ಹಾಗೆ ಕೈಯಾರೆ ಕಲೆಸಿದ್ದೆ. ಶುಂಠಿ ಬೆಳೆಯುವವರು ಗುತ್ತಿಗೆಗೆ ಜಾಗ ಹುಡುಕುತ್ತಾ ಜೀಪಿನಲ್ಲಿ ಓಡಾಡುತ್ತಿದ್ದ ಕಾಲ. "ಇನ್ನೆರಡು ಬೇಸಿಗೆ ನೋಡ್ತೀನಿ. ಗಿಡ ಏಳದಿದ್ರೆ ಕಿತ್ತು ಶುಂಠಿಯವರಿಗೆ ಕೊಡೋದೇ" ಎಂದುಬಿಟ್ಟರು.

ಆ ಮಳೆಗಾಲ ನಾಟಿಯ ದಿನ ಗದ್ದೆಯ ಅಂಚಿನಲ್ಲಿ ಕಾಲು ತೊಳೆಯುತ್ತಿದ್ದೆ. ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಪೊರೆ. ಬೆರಳಿನಿಂದ ಮುಟ್ಟಿದರೆ ಚೂರುಚೂರಾಗಿ ಒಡೆಯಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳಬೇಕಿತ್ತು. ಅಯ್ಯೋ, ಇದು ಕಬ್ಬಿಣ! ಪಾಠವೆಲ್ಲ ಒಮ್ಮೆಗೇ ನೆನಪಾಯಿತು. ಗುಡ್ಡದ ಕೆಂಪೂ ಕಬ್ಬಿಣದ್ದೇ. ಮಣ್ಣಿನ ತೇವಕ್ಕೆ ಸೂಪರ್ ಬೇಗ ಕರಗುತ್ತದೆ, ಆದರೆ ಅದರಿಂದ ಕರಗಿದ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಆ ಹುಳಿ ಮಣ್ಣಿನ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದು ಮತ್ತೆ ಕರಗದ ಹಾಗೆ ಕಟ್ಟಿಹಾಕುತ್ತವೆ. ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ತಪ್ಪಿದಾಗ ಕಬ್ಬಿಣದ ರೂಪವೇ ಬದಲಾಗಿ, ಅದು ಕರಗಿ, ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಅದಕ್ಕೇ ಭತ್ತಕ್ಕೆ ಸಿಕ್ಕಿದ್ದು ಕಾಫಿಗೆ ಸಿಗಲಿಲ್ಲ. ನಾವು ಎಷ್ಟು ಶ್ರದ್ಧೆಯಿಂದ ಕಲೆಸಿದ್ದೆವೋ ಅಷ್ಟೂ ಕಬ್ಬಿಣದ ಬಾಯಿಗೆ ಕೊಟ್ಟಿದ್ದೆವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

"ಮಾವ, ಈ ಸಲ ಸೂಪರ್ ಕಲೆಸೋದು ಬೇಡ" ಎಂದೆ.

"ಕಲೆಸದಿದ್ರೆ ಹಾಕಿ ಏನು ಬಂತು ಮಾರಾಯ್ತಿ? ಕೈ ಕೆಸರಾದ್ರೆ ಬಾಯಿ ಮೊಸರು."

"ಕೈ ಕೆಸರಾಗಿ ಎರಡು ವರ್ಷ ಆಯ್ತು. ಮೊಸರೆಲ್ಲಿ ಮಾವ?"

ನಮ್ಮನೆಯವರು ಕೆಮ್ಮುತ್ತಾ ಹೊರಗೆ ಹೋದರು. ಮಾವನವರು "ಸರಿ. ಅರ್ಧ ಗುಡ್ಡ ನಿಂದು, ಅರ್ಧ ನಂದು. ನೋಡೇಬಿಡೋಣ" ಎಂದರು.

ಮಳೆ ಕಡಿಮೆಯಾದ ಮೇಲೆ ನನ್ನ ಅರ್ಧದಲ್ಲಿ ಪ್ರತಿ ಗಿಡದ ಮೇಲ್ಬದಿಗೆ ಪುಟ್ಟ ಗುಳಿ ತೋಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ನಡುವೆ ಸೂಪರನ್ನು ಒಂದೇ ಕಡೆ ಇಟ್ಟು ಮುಚ್ಚಿಸಿದೆ. ಕೆಂಪು ಮಣ್ಣಿಗೆ ತಾಗುವುದು ಕಡಿಮೆಯಾದಷ್ಟೂ ಬೇರಿಗೆ ಉಳಿಯುವುದು ಹೆಚ್ಚು. ಯೂರಿಯಾ, ಪೊಟ್ಯಾಷ್ ಎರಡೂ ಕಡೆ ಒಂದೇ. "ಅಮ್ಮಾವ್ರು ಕಾಫಿ ಗಿಡಕ್ಕೆ ಬುತ್ತಿ ಕಟ್ಟಿಡ್ತಾವ್ರೆ" ಎಂದು ಆಳುಗಳು ನಕ್ಕರು. ಮಾವನವರು ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ತಮ್ಮ ಅರ್ಧವನ್ನು ತಾವೇ ಕೂತು ಕಲೆಸಿದರು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ಇಬ್ಬರೂ ಮತ್ತೊಮ್ಮೆ ನಮ್ಮ ನಮ್ಮ ರೀತಿಯಲ್ಲೇ ಹಾಕಿದೆವು. ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಸೋತರೆ ಗುಡ್ಡವೂ ಹೋಗುತ್ತದೆ, ಈ ಮನೆಯಲ್ಲಿ ನನ್ನ ಮಾತೂ ಹೋಗುತ್ತದೆ ಎಂಬ ಭಯ.

ಮರುವರ್ಷದ ಮಳೆ ಕಳೆದು ಬೇಸಿಗೆ ಬಂತು, ಹೇಳಿದ ಹಾಗೆ ಶುಂಠಿಯವರ ಜೀಪೂ ಬಂತು. ಮಾವನವರು ಗುದ್ದಲಿ ಹಿಡಿದು ಅವರನ್ನು ಗುಡ್ಡಕ್ಕೆ ಕರೆದುಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

ನನ್ನ ಕಡೆಯ ಗಿಡಗಳು ಸೊಂಟ ದಾಟಿ ರೆಕ್ಕೆ ಬಿಚ್ಚಿದ್ದವು. ಅದನ್ನು ನಾನು ದಿನಾ ನೋಡುತ್ತಿದ್ದೆ, ಮಾವನವರೂ ನೋಡುತ್ತಿದ್ದರು, ಆದರೆ ಬಾಯಿ ಬಿಟ್ಟಿರಲಿಲ್ಲ. ಅವರು ತಮ್ಮ ಕಡೆಯ ಒಂದು ಗಿಡದ ಬುಡ ಬಗೆದರು. ನಾಲ್ಕಾರು ಬಡಕಲು ಬೇರು. ನನ್ನ ಕಡೆಯದನ್ನು ಬಗೆದರು. ಗುಳಿಯ ತುಂಬ ಬಿಳಿ ಬೇರಿನ ಗೊಂಚಲು, ಗೊಬ್ಬರವನ್ನು ತಬ್ಬಿಕೊಂಡಿತ್ತು. ಮೊಣಕಾಲೂರಿ ಕೂತು ಅದನ್ನು ಬೆರಳಿನಿಂದ ಸವರಿದರು.

ಶುಂಠಿಯವನಿಗೆ ಸೂಕ್ಷ್ಮ ತಿಳಿಯಿತು. "ಈ ಕಡೆ ಬೇಡ ಬಿಡಿ ಯಜಮಾನ್ರೆ. ಆ ಕಡೆ ಅರ್ಧ ಆದ್ರೂ ಕೊಡಿ, ಅಲ್ಲಿ ಗಿಡ ಹೇಗೂ ಎದ್ದಿಲ್ಲ" ಎಂದ.

ಮಾವನವರು ಎದ್ದು ಪಂಚೆಯ ಮಣ್ಣು ಕೊಡವಿ, ಗುದ್ದಲಿಯನ್ನು ನನ್ನ ಕೈಗೆ ಕೊಟ್ಟರು.

"ಅದೂ ಇನ್ನು ಇವಳದ್ದೇ. ಇವಳನ್ನೇ ಕೇಳಿ."

"ಕೊಡಲ್ಲ!" ಎಂದೆ. ಎಷ್ಟು ಜೋರಾಗಿ ಎಂದರೆ, ಕೆಳಗೆ ಗದ್ದೆಯಲ್ಲಿದ್ದ ನಮ್ಮನೆಯವರು ತಲೆಯೆತ್ತಿ ನೋಡಿದರು.