ಬೊದ್ರೋಗಿ ವೆಂದೆಲ್ ಕಂಡ ಆತುರಗಾರ ಕೋಶ

ತಿಸಾ ನದಿಯ ದಂಡೆಯ ನಮ್ಮ ಸೆಗೆಡ್ ಊರಲ್ಲಿ ಕತ್ತಿ ಹಿಡಿದು ಗೆದ್ದವರನ್ನು ಕಂಚಿನ ಕುದುರೆಯ ಮೇಲೆ ಕೂರಿಸುತ್ತಾರೆ. ಕೂದಲಿಗಿಂತ ತೆಳುವಾದ ಗಾಜಿನ ಕೊಳವೆ ಹಿಡಿದು ಇಲಿಯ ಮಿದುಳಿನ ಮೇಲೆ ದಂಡೆತ್ತಿ ಹೋದವನಿಗೆ ಮಾತ್ರ ತಿರುಗುವ ಸ್ಟೂಲೇ ಗತಿ. ಅಂಥ ಸ್ಟೂಲಿನ ಮೇಲೆ ಅರ್ಧ ಆಯುಸ್ಸು ಸವೆಸಿದವನು ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಬೊದ್ರೋಗಿ ವೆಂದೆಲ್.

ಅವನ ಯುದ್ಧ ನಡೆದದ್ದು ಬಾಗಿಲುಗಳ ಮೇಲೆ. ನರಕೋಶದ ಮೈತುಂಬ ಸಣ್ಣ ಬಾಗಿಲುಗಳಿರುತ್ತವೆ. ಅವುಗಳಲ್ಲಿ ಕೆಲವು ಪೊಟ್ಯಾಸಿಯಂ ಹೊರಗೆ ಹೋಗಲಿಕ್ಕೆಂದೇ ಇರುವವು. ಅದು ಹೊರಗೆ ಹೋದಷ್ಟೂ ಕೋಶ ತಣ್ಣಗಾಗುತ್ತದೆ, ಮಿಡಿಯುವ ಅವಸರ ಇಳಿಯುತ್ತದೆ. ಇವುಗಳಲ್ಲೂ ಹತ್ತಾರು ಜಾತಿ: ತಟ್ಟಿದ ಕೂಡಲೇ ತೆರೆದು ಮುಚ್ಚಿಕೊಳ್ಳುವವು, ಸರ್ಕಾರಿ ಕಚೇರಿಯಂತೆ ತಡವಾಗಿ ತೆರೆಯುವವು, ತೆರೆದರೆ ಮುಚ್ಚುವುದನ್ನೇ ಮರೆಯುವವು. ಯಾವ ಕೋಶಕ್ಕೆ ಯಾವ ಬೆರಕೆ ಸಿಕ್ಕಿದೆಯೋ ಅದೇ ಅದರ ಜಾತಕ. ವೆಂದೆಲ್ ಪರೀಕ್ಷಿಸುತ್ತಿದ್ದ ಕೋಶಗಳಲ್ಲಿ ಥಟ್ಟನೆ ತೆರೆಯುವ ಬಾಗಿಲು ಧಾರಾಳ. ಹಾಗಾಗಿ ಅವನ್ನು ಚುಚ್ಚಿದರೆ ಒಂದು ಗಳಿಗೆ ಯೋಚಿಸಿ ಆಮೇಲೆ ಮಿಡಿಯುತ್ತಿದ್ದವು. ಆದರೆ ಮಿದುಳಿನ ಕೆಳಪದರದಲ್ಲಿ ಅವನಿಗೆ ಯೋಚಿಸದ ಕೋಶವೊಂದು ಸಿಕ್ಕಿತು. ಮುಟ್ಟಿದ್ದೇ ತಡ, ಪಟಪಟ! ಆ ಬಾಗಿಲೇ ಇಲ್ಲದ ಹೊಸ ಜಾತಿ ಎಂದು ಅವನು ತೀರ್ಮಾನಿಸಿ, ‘ಆತುರಗಾರ’ ಎಂದು ನಾಮಕರಣ ಮಾಡಿದ.

ನಮ್ಮ ಮುಖ್ಯಸ್ಥೆ ಪ್ರೊಫೆಸರ್ ಚೆರ್ನುಷ್ ಎತೆಲ್ಕಾ ಚಳಿಗಾಲದ ಕೊನೆಗೆ ಅವನನ್ನು ಕರೆದರು.

“ವೆಂದೆಲ್, ನಿನ್ನ ಆತುರಗಾರ ಹೊರಗಿನವರೊಬ್ಬರ ಕಣ್ಣಿಗೂ ಬೀಳ್ಬೇಕಪ್ಪ. ವಸಂತದಲ್ಲಿ ಟ್ರಿಯೆಸ್ತೆಯಿಂದ ನರವಿಜ್ಞಾನಿ ಕೊಸಾನಿ ಬರ್ತಾರೆ. ಅವರು ಹೂಂ ಅಂದ್ರೆ ನಿನ್ನ ಕೆಲಸ ಕಾಯಂ. ಉಹೂಂ ಅಂದ್ರೆ ಮೇಜು ಬೇರೆಯವರಿಗೆ. ನನ್ನ ಶಪಿಸ್ಬೇಡ, ಮೇಲಿನವರು ನನ್ನ ತಲೆ ತಿಂತಿದಾರೆ.”

“ಕೋಶ ಅಲ್ಲೇ ಇದೆ ಪ್ರೊಫೆಸರಮ್ಮ. ಎಲ್ಲಿಗೆ ಹೋಗುತ್ತೆ?”

ಹೋಯಿತು. ಅದೇ ವಾರ ವೆಂದೆಲ್‌ನ ಹೊಟ್ಟೆಹುಣ್ಣು ನೋಡಿದ ವೈದ್ಯರು ಖಾರ ಬಿಡಿಸಿದರು. ಮಧ್ಯಾಹ್ನದ ಮೀನಿನ ಸಾರಿಗೆ ಗುಂಡು ಮೆಣಸಿನಕಾಯಿ ಕೊಚ್ಚಿ ಹಾಕಿಕೊಳ್ಳದಿದ್ದರೆ ಸೆಗೆಡ್‌ನವನು ಊಟವನ್ನೇ ಮಾಡಿಲ್ಲವೆಂದು ಲೆಕ್ಕ. ಪಾಪ, ವೆಂದೆಲ್ ಬೇಯಿಸಿದ ಕ್ಯಾರೆಟ್ಟಿನ ಮುಂದೆ ಕೂತು ನಿಟ್ಟುಸಿರು ಬಿಟ್ಟ. ಅಂದಿನಿಂದ ಕೆಳಪದರದ ಕೋಶಗಳೆಲ್ಲ ಒಮ್ಮೆಲೇ ಸಜ್ಜನರಾಗಿ, ಯೋಚಿಸಿ ಮಿಡಿಯತೊಡಗಿದವು.

ವೆಂದೆಲ್ ಉಪ್ಪುನೀರು ಬದಲಿಸಿದ, ಗಾಜು ಬದಲಿಸಿದ, ಇಲಿಗಳ ವಂಶವನ್ನೇ ಬದಲಿಸಿದ. ಗಡ್ಡ ಬೆಳೆಯಿತು. ಕೊಳವೆಯ ತುದಿ ಕೋಶಕ್ಕೆ ಅಂಟಿಕೊಳ್ಳಲೆಂದು ರಬ್ಬರ್ ನಳಿಗೆಯಲ್ಲಿ ಬಾಯಿಂದ ಗಾಳಿ ಎಳೆಯುವಾಗ ಬಿಕ್ಕಿದಂತೆ ಕೇಳಿಸುತ್ತಿತ್ತು. ಒಮ್ಮೊಮ್ಮೆ ನಿಜವಾಗಿ ಬಿಕ್ಕುತ್ತಲೇ ಇದ್ದ.

“ಇಲಿಗಳೆಲ್ಲ ಮಾತಾಡ್ಕೊಂಡು ಕೈಕೊಟ್ಟಿವೆ ಕಣೋ” ಎಂದ ಒಮ್ಮೆ. “ಕಳೆದದ್ದು ಸಿಗ್ಲಿ ಅಂತ ಸಂತ ಅಂತೋನಿಗೆ ಮೇಣದಬತ್ತಿ ಹಚ್ಚಿ ಬಂದೆ.”

“ಯಾವ ಪದರ ಅಂತ ಹೇಳಿದ್ಯಾ? ಇಲ್ದಿದ್ರೆ ಸಂತರು ಎಲ್ಲಿ ಅಂತ ಹುಡುಕ್ತಾರೆ?”

ಅವನು ನಗಲಿಲ್ಲ. “ಐವತ್ತು ಹತ್ರ ಬಂತು. ಇದೊಂದು ಬಿಟ್ರೆ ನನಗೆ ಸೈಕಲ್ ಪಂಕ್ಚರ್ ಹಾಕೋಕೂ ಬರಲ್ಲ.”

ಕೊಸಾನಿ ಬರುವ ಹಿಂದಿನ ದಿನ, ಸಾಯುವುದಾದರೆ ರುಚಿ ಕಂಡಾದರೂ ಸಾಯುತ್ತೇನೆಂದು ವೆಂದೆಲ್ ನದಿ ಪಕ್ಕದ ಹೋಟೆಲಿಗೆ ನುಗ್ಗಿ, ಕೆಂಪು ಸಾರಿಗೆ ಮೆಣಸಿನಕಾಯಿಯನ್ನು ಬೆರಳಲ್ಲೇ ಮುರಿದು ಸುರಿದುಕೊಂಡ. ಬಂದು ಮೇಜಿಗೆ ಕೂತ. ಪಟಪಟ! ಆತುರಗಾರ ಪ್ರತ್ಯಕ್ಷ! ವೆಂದೆಲ್ ಕುಣಿದ, ನನ್ನನ್ನು ತಬ್ಬಿದ, ಆನಂದಬಾಷ್ಪ ಒರೆಸಿಕೊಳ್ಳಲು ಎರಡೂ ಕೈಯಿಂದ ಕಣ್ಣುಜ್ಜಿಕೊಂಡ.

ಮರುಕ್ಷಣ ಕೊರಳು ಕೊಯ್ದಂತೆ ಕಿರುಚಿದ. ನಲ್ಲಿಯ ಕೆಳಗೆ ತಲೆ ಹಿಡಿಸಿದೆ. ಕಣ್ಣುರಿ ಇಳಿಯುತ್ತಿದ್ದಂತೆ ಅವನು ತನ್ನ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟ. ಕೊಳವೆಯೊಳಗೆ ಇಳಿಸುವ ಬೆಳ್ಳಿ ತಂತಿಯನ್ನು ಅವನು ಯಾವಾಗಲೂ ಅದೇ ಬೆರಳುಗಳಿಂದ ತೀಡಿ ನೇರ ಮಾಡುತ್ತಿದ್ದ.

“ನಾನು ಮೇಲಿನ ಪದರ ನೋಡೋದು ಯಾವಾಗ?” ಎಂದ ನಿಧಾನವಾಗಿ.

“ಬೆಳಿಗ್ಗೆ.”

“ಕೆಳಗಿನದು?”

“ಊಟ ಆದ್ಮೇಲೆ…” ಎಂದು ನಾನೂ ಅಲ್ಲೇ ಕೂತೆ.

ಅದೇ ಬೆರಳಿಂದ ತಂತಿ ತೀಡಿ ಮೇಲಿನ ಪದರಕ್ಕೆ ಹೋದ. ಅಲ್ಲೂ ಆತುರಗಾರ. ಕೈ ತೊಳೆದು, ಹೊಸ ತಂತಿ ಹಾಕಿದ. ಎಲ್ಲ ಕೋಶಗಳೂ ಸಾವಧಾನ. ಬಾಗಿಲು ಎಲ್ಲೆಡೆಯೂ ಇತ್ತು. ಮೆಣಸಿನಕಾಯಿ ಅದನ್ನು ಮುಚ್ಚುತ್ತಿತ್ತು, ಅಷ್ಟೆ. ವೆಂದೆಲ್ ಕಂಡುಹಿಡಿದದ್ದು ತನ್ನ ಮಧ್ಯಾಹ್ನದ ಊಟವನ್ನು.

“ನಾಳೆ ಒಂದಿನ ಬಾಯಿ ಮುಚ್ಕೊಂಡಿರ್ತೀನಿ” ಎಂದು ನನ್ನ ತೋಳು ಹಿಡಿದ. “ಕಾಯಂ ಆದ್ಮೇಲೆ ಹೇಳ್ತೀನಿ. ನೀನೂ ಸುಮ್ನಿರು, ನಿನ್ನ ದಮ್ಮಯ್ಯ.”

ಕೊಸಾನಿ ಬಂದರು. ಬೆಳ್ಳಿ ಕೂದಲಿನ ಹಸನ್ಮುಖಿ. ಪ್ರೊಫೆಸರಮ್ಮ ಅವರನ್ನು ಊಟಕ್ಕೆ ಎಲ್ಲಿಗೆ ಕರೆದೊಯ್ದರು? ಸೆಗೆಡ್‌ನಲ್ಲಿ ಅತಿಥಿಯನ್ನು ಮತ್ತೆಲ್ಲಿಗೆ ಕರೆದೊಯ್ಯುತ್ತಾರೆ! ಆ ಪುಣ್ಯಾತ್ಮ “ನಮ್ಮ ಕಡೆಯವರೇನು ಕಮ್ಮಿನಾ?” ಎಂದು ತಾವೇ ಮೆಣಸಿನಕಾಯಿ ಮುರಿದರು. ವಾಪಸ್ಸು ಬಂದು, “ಏಳಿ ವೆಂದೆಲ್, ನಾನೇ ಹಿಡಿದು ನೋಡ್ತೀನಿ” ಎಂದು ಸ್ಟೂಲಿನಲ್ಲಿ ಕೂತು ತಂತಿ ತೀಡಿದರು. ಪಟಪಟ!

“ಸಿಕ್ತು! ನನ್ನ ಕೈಗೂ ಸಿಕ್ತು!” ಪರರ ಸಾಕ್ಷಿಯೂ ಆಯಿತು. ಪ್ರೊಫೆಸರಮ್ಮ ವೆಂದೆಲ್‌ನ ಬೆನ್ನು ತಟ್ಟಿ, “ಮೇಜು ನಿಂದೇ ಹೋಗಪ್ಪ” ಎಂದರು. ವೆಂದೆಲ್ ಗೋಡೆಗೆ ಒರಗಿದ, ಮುಖ ಸುಣ್ಣದಂತಿತ್ತು.

ಕೊಸಾನಿ ಉಬ್ಬಿಹೋಗಿದ್ದರು. “ನಮ್ಮ ಜಿನೆವ್ರಾ ಅಂತ ಒಬ್ಬ ವಿದ್ಯಾರ್ಥಿನಿ ಇದಾಳೆ. ತುಂಬ ಚುರುಕು. ಈಗ ಮಾಡ್ತಿರೋದನ್ನೆಲ್ಲ ಬಿಡಿಸಿ ಇದಕ್ಕೇ ಕೂರಿಸ್ತೀನಿ. ಡಾಕ್ಟರೇಟಿನ ಅಷ್ಟೂ ವರ್ಷ ಇದೊಂದೇ ಕೋಶ! ಇವತ್ತೇ ಫೋನ್ ಮಾಡ್ತೀನಿ.”

ಅವರು ಜೇಬಿಗೆ ಕೈ ಹಾಕಿದರು. ವೆಂದೆಲ್ ನನ್ನ ಕಡೆ ನೋಡಿದ. ನಾನು ಎಲ್ಲೋ ನೋಡಿದೆ. ವೀರರ ಪಕ್ಕದ ಮೇಜಿನವರು ವೀರರಾಗಿರಬೇಕೆಂದಿಲ್ಲ.

“ಸಾರ್” ಎಂದ ವೆಂದೆಲ್. ಫೋನಿಗೆ ಅಡ್ಡವಾಗಿ ಕೈ ಹಿಡಿದ. ಮತ್ತೆ, “ಸಾರ್, ಫೋನ್ ಆಮೇಲೆ. ಮೊದ್ಲು ಕೈ ತೊಳ್ಕೊಳಿ. ಸೋಪು ಹಾಕಿ, ಚೆನ್ನಾಗಿ.”

ಕೊಸಾನಿ ತೊಳೆದುಕೊಂಡರು. ಹೊಸ ತಂತಿ ಹಾಕಿ ಕೋಶವೊಂದನ್ನು ಹಿಡಿದರು. ಅದು ಯೋಚಿಸಿ, ಸಾವಕಾಶವಾಗಿ ಮಿಡಿಯಿತು. ಇನ್ನೊಂದು ಹಿಡಿದರು; ಅದೂ ಯೋಚಿಸಿತು. ವೆಂದೆಲ್ ಎಲ್ಲವನ್ನೂ ಹೇಳಿದ.

“ಹೋಗ್ಲಿ, ಖಾರ ಈ ಬಾಗಿಲು ಮುಚ್ಚುತ್ತೆ ಅನ್ನೋದಾದ್ರೂ ಹೊಸದಲ್ವಾ ಸಾರ್?” ಎಂದು ಕೊನೆಗೆ ಕೇಳಿದ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

ಕೊಸಾನಿ ಮೆಲ್ಲಗೆ ಅಡ್ಡಡ್ಡ ತಲೆಯಾಡಿಸಿದರು. “ಅದು ಹಳೇದಪ್ಪ. ಬಹಳ ಹಿಂದೆಯೇ ಯಾರೋ ಬರೆದಾಗಿದೆ.”

ಜಿನೆವ್ರಾಗೆ ಫೋನ್ ಹೋಗಲಿಲ್ಲ. ತಾನು ಯಾವುದರಿಂದ ಪಾರಾದೆನೆಂದು ಅವಳಿಗೆ ಗೊತ್ತೇ ಇಲ್ಲ. ಪ್ರೊಫೆಸರಮ್ಮ ಮೇಲಿನವರ ಹತ್ತಿರ ವೆಂದೆಲ್ ಪರವಾಗಿ ಜಗಳವಾಡಿದರು, ಅತ್ತರು ಕೂಡ, ಎನ್ನುತ್ತಾರೆ. ಮೇಜು ಮಾತ್ರ ಮೇ ತಿಂಗಳಲ್ಲಿ ಹೋಯಿತು. ನೆಲದ ಅದುರು ತಟ್ಟದಂತೆ ಗಾಳಿಯ ಮೇಲೆ ತೇಲುವ ಕಬ್ಬಿಣದ ಮೇಜು ಅದು, ಆನೆಯ ತೂಕ. ಹೊರುವವರು ಏದುಸಿರು ಬಿಡುತ್ತಿದ್ದರೆ ವೆಂದೆಲ್ ಅವರ ಮುಂದೆ ಹಿಮ್ಮುಖವಾಗಿ ನಡೆಯುತ್ತ, “ಮೆಲ್ಲಗೆ ಮಾರಾಯ್ರೇ, ವಾಲಿಸ್ಬೇಡಿ, ಕಾಲು ಸೊಟ್ಟ ಆಗುತ್ತೆ” ಎಂದು ಮೆಟ್ಟಿಲುದ್ದಕ್ಕೂ ಗೋಗರೆಯುತ್ತಿದ್ದ.