ಗೋಡೆಗೆ ತಿರುಗಿಸಿದ ಕುಂಡ

ಆಗೆಲ್ಲ ನಮ್ಮ ಹೊಳವನಹಳ್ಳಿ ಕಡೆ ಅಂದಕ್ಕೆಂದು ಗಿಡ ಇಡುವವರು ಇರಲಿಲ್ಲ. ಮನೆ ಮುಂದೆ ತುಳಸಿ, ಹಿತ್ತಲಲ್ಲಿ ನುಗ್ಗೆ, ಬಚ್ಚಲ ನೀರಿಗೆ ಒಂದು ಬಾಳೆ. ಗಿಡ ಅಂದರೆ ಹೊಟ್ಟೆಗೋ ದೇವರಿಗೋ ಆಗಬೇಕು, ಇಲ್ಲವೇ ಮೇಕೆಗಾದರೂ ಆಗಬೇಕು. ನಮಗೆ ಅನ್ನ ಹಾಕುತ್ತಿದ್ದುದು ಈಚಲು. ಅಪ್ಪ ಹಳ್ಳದ ದಡದಿಂದ ಗರಿ ಕೊಯ್ದು ಹೊರೆ ತರುತ್ತಿದ್ದ. ಅವ್ವ, ನಾನು ಚಾಪೆ ಹೆಣೆದು ಪೊರಕೆ ಕಟ್ಟುತ್ತಿದ್ದೆವು. ಮನೆ ತುಂಬ ಹಸಿ ಗರಿಯ ವಾಸನೆ. ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತದ್ದು ಆ ಗರಿಗಳ ಸಲುವಾಗಿಯೇ.

ತಮ್ಮ ಸಿದ್ದ ನನಗಿಂತ ಚಿಕ್ಕವನು, ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಅವನದೊಂದು ಬೆಕ್ಕು ಇತ್ತು. ಆರಿದ ಒಲೆಯ ಬೂದಿಯಲ್ಲಿ ಮಲಗಿ ಎದ್ದು ಬರುತ್ತಿದ್ದ ಅದಕ್ಕೆ ಬೂದಿ ಅಂತಲೇ ಹೆಸರು. ಸಂತೆಯಿಂದ ಒಣಮೀನು ಬಂದ ದಿನ ಅವ್ವ ಕೆಂಡದ ಮೇಲೆ ಸುಡುವಾಗ ಇಬ್ಬರೂ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಸಿದ್ದನಿಗೆ ಮೀನಿನ ತಲೆ ಎಂದರೆ ಪ್ರಾಣ. ಅದನ್ನು ಅರ್ಧ ಕಚ್ಚಿ ತಿಂದು ಉಳಿದರ್ಧ ಬೂದಿಗೆ ಕೊಡುತ್ತಿದ್ದ.

"ಲೇ, ನೀನು ತಿಂತೀಯೋ ಬೆಕ್ಕಿಗೆ ಹಾಕ್ತೀಯೋ?" ಎಂದು ಅವ್ವ ಗದರಿದರೆ, "ಅದಕ್ಕೂ ಉಪ್ಪು ಖಾರ ಬ್ಯಾಡ್ವೇನವ್ವ?" ಅನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಊರಿನ ದೊಡ್ಡಮನೆಯಲ್ಲಿ ಮದುವೆ. ನಾನು ಅವ್ವನ ಜೊತೆ ಪಾತ್ರೆ ತೊಳೆಯಲು ಹೋಗಿದ್ದೆ. ಚಪ್ಪರದ ಬಾಗಿಲಿಗೆ ಪೇಟೆಯಿಂದ ಬಾಡಿಗೆಗೆ ಕುಂಡಗಳನ್ನು ತಂದಿಟ್ಟಿದ್ದರು. ನೋಡಲು ಈಚಲಿನ ಮರಿಯಂತೆಯೇ ಗಿಡ, ಆದರೆ ಎಣ್ಣೆ ಸವರಿದಂತೆ ಹೊಳೆಯುವ ಗರಿ. ಮದುವೆ ಮುಗಿದು ಕುಂಡಗಳನ್ನು ಗಾಡಿಗೆ ಏರಿಸುವಾಗ ಒಂದು ಬಿದ್ದು ಬಿರುಕು ಬಿಟ್ಟಿತು. ನಾನು ಆಸೆಯಿಂದ ನೋಡುತ್ತಿದ್ದುದನ್ನು ಕಂಡು ಗಾಡಿಯವನು, "ಬೇಕೇನಮ್ಮ? ಒಯ್ಕೋ. ಆದ್ರೆ ಬೆಕ್ಕು ಗಿಕ್ಕು ಬಾಯಿ ಹಾಕದಂಗೆ ಎತ್ತರಕ್ಕಿಡು. ನಂಜು ಐತೆ ಇದ್ರಾಗೆ" ಅಂದ.

ಹೂಂ ಅಂದೆ. ಮನಸ್ಸಿನಲ್ಲಿ ನಗು ಬಂತು. ಈಚಲಿನ ಗರಿ ಹಾಸಿ ಮಲಗುವವರು, ಈಚಲ ಹಣ್ಣು ತಿಂದು ಬೆಳೆದವರು ನಾವು. ಅಪ್ಪ ಗರಿ ಸೀಳುವಾಗ ಬೂದಿ ಅದರ ತುದಿ ಕಚ್ಚಿ ಎಳೆದಾಡುತ್ತಲೇ ಇರುತ್ತಿತ್ತು. ಅದಕ್ಕೆ ಏನಾಗಿತ್ತು? ನಮಗೆ ಈಚಲು ಗೊತ್ತಿಲ್ಲವೇ?

ಕುಂಡಕ್ಕೆ ಹಗ್ಗ ಬಿಗಿದು ಜಗಲಿಯ ಮೇಲೆ ಇಟ್ಟೆ. ಮಾಡಿನ ಮೇಲಿಟ್ಟರೆ ಯಾರು ನೋಡುತ್ತಾರೆ? ಬೀದಿಯಲ್ಲಿ ಹೋಗುವವರು ನಿಂತು, "ಇದೇನೇ ಹುಡುಗಿ, ನಿಮ್ಮನೆ ಬಂಗ್ಲೆ ಆಗೋಯ್ತಲ್ಲ!" ಅನ್ನುವುದನ್ನು ಕೇಳಲೆಂದೇ ಬಾಗಿಲಲ್ಲಿ ಕೂತು ಪೊರಕೆ ಕಟ್ಟುತ್ತಿದ್ದೆ. ಗಾಡಿಯವನ ಮಾತು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವ ಆಗಲೇ ತಿಪ್ಪೆಗೆ ಎಸೆಯುತ್ತಿದ್ದಳು.

ಗಿಡ ನಡುವಿನಿಂದ ಹೊಸ ಗರಿ ಬಿಟ್ಟಿತು, ಎಳೆಯದು, ತುದಿ ಸುರುಳಿ ಸುತ್ತಿಕೊಂಡದ್ದು. ಒಂದು ಮಧ್ಯಾಹ್ನ ನೋಡುತ್ತೇನೆ, ಬೂದಿ ಅದನ್ನು ಕಚಕಚ ಜಗಿಯುತ್ತಿದೆ. ಹಚಾ ಎಂದು ಓಡಿಸಿದೆ. ಒಂದು ಕಡೆಯ ಎಳೆಗಳೆಲ್ಲ ಹೋಗಿದ್ದವು. ಆಗಲಾದರೂ ಕಿತ್ತೆಸೆಯಬೇಕಿತ್ತು. ನಾನು ಮಾಡಿದ್ದೇನೆಂದರೆ, ಕಡಿದ ಭಾಗ ಬೀದಿಗೆ ಕಾಣದಂತೆ ಕುಂಡವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ಸಂಜೆಯಿಂದ ಬೂದಿ ವಾಂತಿ ಮಾಡತೊಡಗಿತು. ಬೆಳಗಾಗುವಷ್ಟರಲ್ಲಿ ಬಾಯಲ್ಲಿ ಜೊಲ್ಲು, ಕಾಲಿನಲ್ಲಿ ಬಲವಿಲ್ಲ. ಆಮೇಲೆ ಅದರ ಕಿವಿಯ ಒಳಗೆಲ್ಲ ಅರಿಸಿನ ಬಳಿದ ಹಾಗೆ ಹಳದಿಯಾಯಿತು. ಸಿದ್ದ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಲ್ಲಿ ಮಜ್ಜಿಗೆ ನೆಕ್ಕಿಸಲು ನೋಡುತ್ತಿದ್ದ. ಅದು ಮುಖ ತಿರುಗಿಸುತ್ತಿತ್ತು.

"ಏನ್ಲಾ ತಿನ್ಸಿದೆ ಇದಕ್ಕೆ?" ಅವ್ವ ಕೇಳಿದಳು.

"ಮೀನಿನ ತಲೆ ಕಣವ್ವ. ಯಾವಾಗ್ಲೂ ಕೊಡೋದೇ."

"ಅದೇ ಮತ್ತೆ! ಆ ಉಪ್ಪು ಹೊಟ್ಟೆ ಸುಟ್ಟೈತೆ. ಎಷ್ಟು ಹೇಳ್ದೆ ನಿಂಗೆ, ಕೇಳಿದ್ಯಾ? ಕೈಯಾರೆ ಕೊಂದ್ಬುಟ್ಟೆ ನೋಡು."

ಅವ್ವ ಕೋಪದಲ್ಲಿ ಆಡಿದ ಮಾತು. ಸಿದ್ದ ನನ್ನ ಮುಖ ನೋಡಿದ. "ಹೌದೇನಕ್ಕ?" ಅಂದ.

ಗರಿ ಹೆಣೆಯುತ್ತಿದ್ದ ನಾನು ತಲೆ ಎತ್ತಲಿಲ್ಲ. "ನಂಗೇನ್ ಗೊತ್ತು?" ಅಂದೆ.

ಬೂದಿ ಸತ್ತಿತು. ಅಪ್ಪ ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿದ. ಎಲ್ಲರೂ ಹಿತ್ತಲಲ್ಲಿದ್ದಾಗ ನಾನು ಕುಂಡವನ್ನು ಹೊತ್ತು ಹೋಗಿ ಹಳ್ಳಕ್ಕೆ ಹಾಕಿ ಬಂದೆ. ಗಿಡ ಎಲ್ಲಿ ಎಂದು ಅವ್ವ ಕೇಳಿದ್ದಕ್ಕೆ ಒಣಗಿಹೋಯಿತು ಅಂದೆ. ಮುಂದಿನ ಸಂತೆಗೆ ಒಣಮೀನು ಬಂತು. ಅವ್ವ ಸಮಾಧಾನಕ್ಕೆಂದು ದೊಡ್ಡ ತಲೆಯನ್ನು ಸಿದ್ದನ ಮುದ್ದೆಯ ಪಕ್ಕ ಇಟ್ಟಳು. ಸಿದ್ದ ತಟ್ಟೆ ತಳ್ಳಿ ಎದ್ದುಹೋದ. ಆಮೇಲೆ ಅವನು ಮೀನು ಮುಟ್ಟಿದ್ದನ್ನು ನಾನು ಕಾಣೆ.

ಈಗ ಆ ಗಿಡ ಎಲ್ಲಿ ನೋಡಿದರೂ ಇದೆ. ಕೊರಟಗೆರೆಯಲ್ಲಿ ಗಿಡ ಮಾರುವ ಹುಡುಗಿಯನ್ನು ಕೇಳಿದೆ. ಸೈಕಸ್ ಅಂತ ಹೆಸರು, ಜನ ಪಾಮ್ ಅಂತಾರೆ, ಈಚಲಿನ ಜಾತಿಯೇ ಅಲ್ಲ, ಗರಿ ಬೀಜ ಬೇರು ಎಲ್ಲ ವಿಷ ಅಂದಳು. ಬೆಕ್ಕು ಸಾಕಿದವರ ಮನೆಯಲ್ಲಿ ಅದನ್ನು ಕಂಡರೆ ನಾನು ಸುಮ್ಮನಿರುವುದಿಲ್ಲ, ತೆಗೆಸುತ್ತೇನೆ. ಗುರುತಿಲ್ಲದವರಿಗೂ ಹೇಳುತ್ತೇನೆ. ಹೇಳಬೇಕಾಗಿದ್ದವನೊಬ್ಬನಿಗೆ ಮಾತ್ರ ಹೇಳಲಾಗಲಿಲ್ಲ. ಸಿದ್ದನ ಮೊಮ್ಮಗಳು ಒಮ್ಮೆ ಬೆಕ್ಕಿನ ಮರಿ ತಂದಾಗ ಅವನು, "ಬ್ಯಾಡ ಕಣಮ್ಮ, ನನ್ ಕೈ ಬೆಕ್ಕಿಗೆ ಆಗಿಬರಲ್ಲ" ಎಂದು ವಾಪಸು ಕಳಿಸಿದ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

ಸಿದ್ದ ತೀರಿಕೊಂಡ ವರ್ಷವೇ ಮಾರ್ನಮಿಗೆ ಅವನಿಗೆ ಎಡೆ ಇಟ್ಟೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸುವುದು ನಮ್ಮ ಪದ್ಧತಿ. ಬಡಿಸುತ್ತಿದ್ದ ಅವನ ಹೆಂಡತಿ, "ಮೀನು ಒಂದು ಬ್ಯಾಡ. ಒಣಮೀನಿನ ವಾಸ್ನೆ ಬಂದ್ರೆ ಎದ್ದೋಗೋರು, ಅಲ್ವೇನಕ್ಕ?" ಅಂದಳು. ಇಡು ಎಂದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೂಂ ಅಂದೆ.

ಎಡೆಗೆ ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು. ಒಳಗೆ ಕಜ್ಜಾಯ, ವಡೆ, ಬಾಡು ಎಲ್ಲ ಇತ್ತು. ಮೀನಿನ ತಲೆಯಲ್ಲಿ ಅರ್ಧ ತಿಂದು ಅರ್ಧ ಬೆಕ್ಕಿಗೆ ಉಳಿಸುತ್ತಿದ್ದ ಆ ಹುಡುಗ ಬಂದು, ಎಲೆಯ ತುಂಬ ಹುಡುಕಿ, ಏನೂ ಮುಟ್ಟದೆ ಹೋದನೋ ಏನೋ.