ನಳ ಬಂದ್ ಮಾಡಬ್ಯಾಡ

ತಿಕೋಟಾದಲ್ಲಿ ನಾವು ಕೆಲಸ ಮಾಡುತ್ತಿದ್ದ ಲ್ಯಾಬ್ ಅಂದರೆ ವಿಜಯಪುರದ ರಸ್ತೆಗೆ ಮುಖ ಮಾಡಿದ ಎರಡು ಖೋಲಿ, ಮಾಳಿಗೆಯ ಮೇಲೊಂದು ನೀರಿನ ಕರೀ ಟಾಕಿ. ಒಣದ್ರಾಕ್ಷಿ ಹೊರಗೆ ಕಳಿಸುವ ವ್ಯಾಪಾರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಹಣ್ಣು ತಂದು ಟೇಬಲ್ಲಿನ ಮೇಲಿಟ್ಟು, ಬಿಸಿಲಿಗೆ ಬೈದುಕೊಂಡು ಹೋಗುತ್ತಿದ್ದರು. ಬಣ್ಣ ಬಂಗಾರದಂತೆ ನಿಲ್ಲಲಿ ಎಂದು ಹಣ್ಣಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಅದರಲ್ಲಿ ಎಷ್ಟು ಹಣ್ಣಿನೊಳಗೇ ಉಳಿದಿದೆ ಅಂತ ನೋಡಿ ಹೇಳುವುದು ನಮ್ಮ ಕೆಲಸ. ಹಣ್ಣನ್ನು ಅರೆದು, ಆಸಿಡ್ ಹಾಕಿ ಕುದಿಸಿ, ಏಳುವ ಹಬೆಯನ್ನು ತಂಪು ಮಾಡಿ ಹಿಡಿದು, ಕೊನೆಗೆ ಕಾಸ್ಟಿಕ್ ಸೋಡಾದ ನೀರನ್ನು ಹನಿಹನಿಯಾಗಿ ಬಿಟ್ಟು ಅಳೆಯಬೇಕು.

ನಾನು ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಜೋಡಿ ಕೆಲಸ ಮಾಡುತ್ತಿದ್ದ ಹುಡುಗಿ ಬಬಲೇಶ್ವರದಿಂದ ಬರುತ್ತಿದ್ದಳು. ಬಿಎಸ್ಸಿ ಮುಗಿಸಿ ಸೀದಾ ಇಲ್ಲಿಗೆ ಬಂದಾಕಿ, ನನ್ನ ಅರ್ಧ ವಯಸ್ಸು. ಇಬ್ಬರಿದ್ದರೆ ಲ್ಯಾಬ್ ಒಂದು ಮನೆಯಂತೆಯೇ ಆಗುತ್ತದೆ. ಮುಂಜಾನೆ ಬಂದ ಕೂಡಲೆ ಆಕೆ ಕಸ ಹೊಡೆದರೆ ನಾನು ಗಾಜಿನ ಸಾಮಾನು ಒರೆಸುವುದು. ಒಳಗೆ ತಿನ್ನುವಂತಿಲ್ಲ, ಹಾಗಾಗಿ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚುವುದು. ಆಕೆಯ ಅವ್ವ ಕಟ್ಟಿದ ಶೇಂಗಾ ಹಿಂಡಿ ನನಗೆ, ನನ್ನ ಬದನೆಕಾಯಿ ಪಲ್ಯ ಆಕೆಗೆ.

ನಮಗಿದ್ದ ದೊಡ್ಡ ತ್ರಾಸು ನೀರಿನದು. ಹಬೆ ತಂಪು ಮಾಡುವ ಗಾಜಿನ ಕೊಳವೆಯ ಸುತ್ತ ಇಡೀ ದಿನ ತಣ್ಣೀರು ಹರಿಯಬೇಕು. ಟ್ಯಾಂಕರ್ ಬಂದ ದಿನ ಟಾಕಿ ತುಂಬುತ್ತದೆ, ಬಾರದ ದಿನ ಇಲ್ಲ. ಅದಕ್ಕೇ ಬಕೆಟ್ಟಿನಲ್ಲಿ ಸಣ್ಣ ಪಂಪು ಇಟ್ಟು, ಐಸಿನ ತುಂಡು ಹಾಕಿ, ಅದೇ ನೀರನ್ನು ತಿರುಗಿ ತಿರುಗಿ ಓಡಿಸುತ್ತಿದ್ದೆವು. ಆಕೆಯ ಮನೆಯಲ್ಲಿ ನಳಕ್ಕೆ ನೀರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ಕೊಡ, ಪಾತೇಲಿ, ಹಾಲಿನ ತಂಬಗಿಯವರೆಗೆ ಎಲ್ಲದರಲ್ಲೂ ತುಂಬಿಡುವ ಮನೆ ಅದು. ಹೀಗಾಗಿ ಆಕೆಗೆ ನೀರು ಸುಮ್ಮನೆ ಹರಿಯುವ ಸಪ್ಪಳ ತಡೆಯಲಾಗುತ್ತಿರಲಿಲ್ಲ. ನಾನು ಕೈಗೆ ಸಾಬೂನು ಹಚ್ಚುವಷ್ಟರಲ್ಲಿ ಹಿಂದಿನಿಂದ ಬಂದು ನಳ ಬಂದ್ ಮಾಡಿ ಹೋಗುತ್ತಿದ್ದಳು.

"ನಿನ್ನ ಲಗ್ನಕ್ಕ ಒಂದ ಟಾಕಿ ಆಹೇರಿ ಮಾಡತೇನಿ ಬೇ," ಅನ್ನುತ್ತಿದ್ದೆ.

"ತುಂಬಿಸಿ ಕೊಡ್ರಿ ಅಕ್ಕಾ. ಖಾಲಿ ಟಾಕಿ ಯಾರಿಗಿ ಬೇಕಾಗೇತಿ?"

ಅದಾದದ್ದು ಹಂಗಾಮಿನ ನಡುವೆ. ಚೀಲಗಳು ಟೇಬಲ್ ತುಂಬಿ ನೆಲಕ್ಕಿಳಿದಿದ್ದವು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಟ್ಯಾಂಕರ್ ಬಂದಿರಲಿಲ್ಲ. ಕಣ್ಣಿಗೆ ಹಾಕುವ ದೊಡ್ಡ ಗಾಗಲ್ಲು ಬೆವರಿನ ಹಬೆಗೆ ಮಬ್ಬಾಗಿ ಏನೂ ಕಾಣುತ್ತಿರಲಿಲ್ಲ. ಒರೆಸಿ ಹಾಕಿದರೆ ಮತ್ತೆ ಮಬ್ಬು. ಆಕೆ ಅದನ್ನು ಹಣೆಯ ಮೇಲೆ ಸರಿಸಿಕೊಂಡಿದ್ದಳು.

ಕಾಸ್ಟಿಕ್ಕಿನ ನೀರು ಮಾಡುವಾಗ ಮೊದಲು ನೀರು, ಆಮೇಲೆ ಅದರೊಳಗೆ ಚೂರು ಚೂರೇ ಕಾಸ್ಟಿಕ್ಕು; ಉಲ್ಟಾ ಮಾಡಿದರೆ ಕುದ್ದು ಸಿಡಿಯುತ್ತದೆ. ಆಕೆಗೂ ಗೊತ್ತಿತ್ತು; ದಿನಾ ಹಾಗೇ ಮಾಡುತ್ತಿದ್ದಳು. ಅವತ್ತು ಬಾಟಲಿಯ ಮುಚ್ಚಳ ಸೀಳು ಬಿಟ್ಟು, ಒಳಗಿನ ಚೂರುಗಳು ತೇವ ಹಿಡಿದು ಬೆಲ್ಲದ ಹೆಂಟೆಯಂತೆ ಗಟ್ಟಿಯಾಗಿದ್ದವು. ಚಮಚ ಹೋಗಲಿಲ್ಲ. ಸಡಿಲಾಗಲಿ ಎಂದು ಆಕೆ ಬಾಟಲಿಗೇ ಒಂದಿಷ್ಟು ನೀರು ಹೊಯ್ದಿದ್ದಾಳೆ. ಮನೆಯಲ್ಲಿ ಗಟ್ಟಿಯಾದ ಉಪ್ಪಿನ ಡಬ್ಬಿಗೆ ನಾವೆಲ್ಲ ಮಾಡುವುದೂ ಅದನ್ನೇ. ನಾನು ಕಿಟಕಿಯ ಬಳಿ ಹಣ್ಣು ತೂಗುತ್ತಿದ್ದೆ. ಬುಸ್ ಅಂತ ಒಂದು ಸಪ್ಪಳ ಕೇಳಿತು. ತಿರುಗಿ ನೋಡಿದರೆ ಆಕೆ ಎಡಗಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿದ್ದಳು. ಚೀರಲಿಲ್ಲ.

"ಅಕ್ಕಾ, ಕಣ್ಣಾಗ ಸಿಡಿತು."

ಓಡಿಹೋಗಿ ಕತ್ತು ಹಿಡಿದು ಸಿಂಕಿಗೆ ಬಗ್ಗಿಸಿದೆ. ನಳಕ್ಕೆ ಸಿಗಿಸಿದ್ದ ರಬ್ಬರ್ ಕೊಳವೆ ಒಂದು ಕೈಯಲ್ಲಿ, ಇನ್ನೊಂದು ಕೈಯ ಎರಡು ಬೆರಳಿನಲ್ಲಿ ಆಕೆಯ ರೆಪ್ಪೆ. ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ, ಜಾರುತ್ತದೆ. ಬಿಡಿಸಿ ಹಿಡಿದು ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಬಿಡಬೇಕು, ಒಳ್ಳೆಯ ಕಣ್ಣಿಗೆ ಹರಿಯಬಾರದು. ಟಾಕಿಯ ನೀರೇ ಬಿಸಿಲಿಗೆ ಕಾದಿತ್ತು. ಸ್ವಲ್ಪ ತಣ್ಣಗಾಗುವ ಹೊತ್ತಿಗೆ ಆಕೆಯ ಕೈ ತಡವರಿಸುತ್ತ ಬಂದು ನಳ ತಿರುಗಿಸಿತು. ನೀರು ನಿಂತಿತು.

"ಯಾಕ ಬೇ?"

"ಸಾಕ ಅಕ್ಕಾ. ಉರಿ ಕಡಿಮಿ ಆತು. ಟಾಕಿ ಖಾಲಿ ಆಗತೈತಿ."

"ಟಾಕಿ ಹಾಳಾಗಿ ಹೋಗ್ಲಿ. ನಳ ಬಂದ್ ಮಾಡಬ್ಯಾಡ."

ಮತ್ತೆ ಬಿಟ್ಟೆ. ಆಸಿಡ್ ಬಿದ್ದರೆ ಮನುಷ್ಯ ಕೂಗಾಡುತ್ತಾನೆ, ಊರು ಕೂಡುತ್ತದೆ. ಕಾಸ್ಟಿಕ್ಕು ಹಾಗಲ್ಲ. ಮೊದಲು ಉರಿದು ಆಮೇಲೆ ಸುಮ್ಮನಾದಂತೆ ತೋರಿಸಿ ಒಳಗೊಳಗೇ ಇಳಿಯುತ್ತದೆ. ಜಿಡ್ಡನ್ನು ಸಾಬೂನು ಮಾಡುವ ಸಾಮಾನು ಅದು, ಕಣ್ಣನ್ನು ಬಿಟ್ಟೀತೇ? ಉರಿ ಇಲ್ಲ ಅಂದರೆ ವಾಸಿಯಾಯಿತು ಅಂತಲ್ಲ. ಇದನ್ನೆಲ್ಲ ಆಕೆಯ ಕಿವಿಯಲ್ಲಿ ಹೇಳುತ್ತಲೇ ಇದ್ದೆ. "ಹ್ಞೂಂ ಅಕ್ಕಾ, ಹ್ಞೂಂ," ಅನ್ನುತ್ತಲೇ ಆ ಕೈ ಮತ್ತೆ ಬಂತು. ಆಕೆಗೆ ಗೊತ್ತಾಗದೇ ಬರುತ್ತಿತ್ತು ಅದು. ಕಡೆಗೆ ಆ ಕೈಯನ್ನು ನನ್ನ ಸೊಂಟಕ್ಕೂ ಸಿಂಕಿಗೂ ನಡುವೆ ಒತ್ತಿ ಹಿಡಿದೆ. ಹಿಡಿದಷ್ಟು ಹೊತ್ತೂ ಬೆರಳುಗಳು ಮಿಡುಕುತ್ತಿದ್ದವು.

ನೀರು ಸಣ್ಣದಾಗಿ ನೂಲಿನಂತಾಯಿತು. ಆಮೇಲೆ ನಳ ಒಂದೆರಡು ಸಲ ಕೆಮ್ಮಿ ನಿಂತಿತು.

ಪಕ್ಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು ಕೂಗು ಕೇಳಿ ಬಂದರು. ಕೂಗಿದ್ದು ನಾನು. ತಾವು ಕುಡಿಯಲಿಕ್ಕೆ ತಂದಿಟ್ಟ ಕೊಡಗಳನ್ನೇ ಹೊತ್ತು ತಂದರು. ಒಬ್ಬಳು ಚರಗಿಯಿಂದ ಹೊಯ್ಯುತ್ತಿದ್ದರೆ ನಾನು ರೆಪ್ಪೆ ಹಿಡಿದಿದ್ದೆ. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ ಮಾತ್ರ ಔಡಲೆಣ್ಣೆಯ ಸೀಸೆ ಹಿಡಿದು ನನ್ನ ಮೊಣಕೈ ಜಗ್ಗುತ್ತಿದ್ದಳು.

"ನೀರ ಹಾಕಿ ಹಾಕಿ ಕಣ್ಣ ನೆನಸಾಕತ್ತೀಯಲ್ಲ. ನನ್ನ ಮಗನ ಕಣ್ಣಾಗ ಸುಣ್ಣ ಬಿದ್ದಾಗ ಎಣ್ಣಿ ಬಿಟ್ಟಿದ್ನಿ. ಇವತ್ತ ಸೂಜಿ ಪೋಣಸ್ತಾನ."

"ಎಣ್ಣಿ ಹಾಕಿದ್ರ ಅದು ಒಳಗ ಕುಂತ ಬಿಡತೈತಿ ಯವ್ವಾ. ನೀರ ಅಷ್ಟ ಸಾಕು."

"ಸಾಲಿ ಕಲ್ತಾಕಿ, ನಮ್ಮ ಮಾತ ಎಲ್ಲಿ ಕೇಳತಾಳ," ಎಂದು ಉಳಿದವರಿಗೆ ಹೇಳಿ, ಸೀಸೆ ಸೊಂಟಕ್ಕೆ ಸಿಗಿಸಿಕೊಂಡು, ಕೊಡ ಬಗ್ಗಿಸಿ ಹಿಡಿಯಲಿಕ್ಕೆ ತಾನೂ ಬಂದಳು. ಅವರ ಕೊಡಗಳೂ ಬರಿದಾದವು. ಆ ಬಿಸಿಲಲ್ಲಿ ಸಂಜೆಯವರೆಗೆ ಅವರು ಏನು ಕುಡಿದರೋ ನಾನು ಕೇಳಲೇ ಇಲ್ಲ.

ಆಂಬುಲೆನ್ಸ್ ಬರುವವರೆಗೆ ನೀರಿಲ್ಲದೆ ಕಾಯುವ ಧೈರ್ಯ ಆಗಲಿಲ್ಲ. ಶೆಡ್ಡಿಗೆ ಬಾಕ್ಸು ತಂದಿದ್ದ ಟಂಟಂ ಆಟೋ ಒಂದು ನಿಂತಿತ್ತು. ಅದರ ಹಿಂದೆ ಆಕೆಯನ್ನು ಮಲಗಿಸಿ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ಲ್ಯಾಬಿನಲ್ಲಿ ದ್ರಾವಣ ಮಾಡಲಿಕ್ಕೆ ಇಟ್ಟಿದ್ದ ಶುದ್ಧ ನೀರಿನ ಕ್ಯಾನು ಒಂದೇ ಉಳಿದಿತ್ತು. ಅದನ್ನು ಒತ್ತಿದರೆ ಚಿಮ್ಮುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿಕೊಳ್ಳುತ್ತ, ಕಣ್ಣಿಗೆ ಬಿಡುತ್ತ ಹೊರಟೆ. ಗಾಡಿ ತಗ್ಗಿಗೆ ಬಿದ್ದಾಗೆಲ್ಲ ನೀರು ಕಣ್ಣು ಬಿಟ್ಟು ಮೂಗಿಗೆ, ಕಿವಿಗೆ, ನನ್ನ ಸೀರೆಗೆ.

"ಅಕ್ಕಾರ, ತಗ್ಗ ತಪ್ಪಸ್ಲೋ ಜೋರ ಹೊಡೀಲೋ?" ಟಂಟಂದವ ಹಿಂದೆ ನೋಡದೆ ಕೇಳಿದ. "ಎರಡೂ ಆಗೂದಿಲ್ಲ. ಒಂದ ಹೇಳ್ರಿ."

ನಿಧಾನ ಹೋದರೆ ನೀರು ಕಣ್ಣಿಗೆ ಬೀಳುತ್ತದೆ, ಆದರೆ ದಾರಿಯಲ್ಲೇ ಮುಗಿಯುತ್ತದೆ. ಜೋರು ಹೋದರೆ ನೀರು ಚೆಲ್ಲಿ ಹೋಗುತ್ತದೆ. ಅವನು ತನಗೆ ತಿಳಿದಂತೆ ಒಮ್ಮೆ ಹಾಗೆ ಒಮ್ಮೆ ಹೀಗೆ ಹೊಡೆದ. ಇಟ್ಟಂಗಿಹಾಳದ ಕಡೆಯ ತಿರುವು ದಾಟುವಾಗ ಕ್ಯಾನು ಮುಗಿಯಿತು. ದೂರದಲ್ಲಿ ವಿಜಯಪುರದ ಗುಮ್ಮಟ ಕಾಣುತ್ತಿತ್ತು. ನನ್ನ ಕೈಯಲ್ಲಿ ಬರೀ ಬಾಟಲಿ, ಒತ್ತಿದರೆ ಗಾಳಿ. ಆಕೆ ಮಾತ್ರ ನಿರಾಳವಾಗಿ ಉಸಿರು ಬಿಟ್ಟಳು.

"ಈಗ ಏನೂ ಉರಿಯೂದಿಲ್ಲ ಅಕ್ಕಾ. ನೀವು ಸುಮ್ನ ಗಾಬರಿ ಆಗೀರಿ."

ಏನೂ ಉರಿಯುವುದಿಲ್ಲ ಅಂದಳಲ್ಲ, ಆ ಮಾತು ಕೇಳಿ ಟಂಟಂದವನಿಗೆ ಜೋರು ಹೊಡೆ ಅಂದೆ.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಕೆಳರೆಪ್ಪೆ ಜಗ್ಗಿ ಒಳಗೆ ಸಣ್ಣ ಕಾಗದದ ಪಟ್ಟಿ ಮುಟ್ಟಿಸಿದರು. ಅಂಥ ಪಟ್ಟಿಯನ್ನು ನಾನು ದಿನಾ ದ್ರಾವಣಕ್ಕೆ ಅದ್ದುತ್ತೇನೆ, ಅದರ ಬಣ್ಣ ಏನು ಹೇಳುತ್ತದೆ ಅಂತ ನನಗೆ ಯಾರೂ ತಿಳಿಸಬೇಕಾಗಿಲ್ಲ. ಕಡುನೀಲಿಗೆ ತಿರುಗಿತು. ಅಷ್ಟು ನೀರು, ಅಷ್ಟು ಕೊಡ, ಅಷ್ಟು ದಾರಿ ಆದಮೇಲೂ ಕಾಸ್ಟಿಕ್ಕು ಒಳಗೇ ಇತ್ತು. ಸಲೈನ್ ಬಾಟಲಿ ತೂಗುಹಾಕಿ ಕೊಳವೆಯಿಂದ ಕಣ್ಣಿಗೆ ಬಿಟ್ಟರು. ಒಂದು ಮುಗಿದರೆ ಇನ್ನೊಂದು. ಮತ್ತೆ ಪಟ್ಟಿ, ಮತ್ತೆ ನೀಲಿ.

ಬಬಲೇಶ್ವರದಿಂದ ಆಕೆಯ ಅವ್ವ ಬಂದಾಗ ತೊಳೆಯುವುದು ಮುಗಿದಿತ್ತು. ಆ ತಾಯಿ ಮಗಳ ರೆಪ್ಪೆ ತಾನೇ ಎತ್ತಿ ನೋಡಿದಳು, ನೋಡಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ಕಣ್ಣ ಕೆಂಪ ಸೈತ ಆಗಿಲ್ಲರಿ. ಬೆಳ್ಳಗ ಹಾಲಿನಂಗ ಐತಿ. ನಾ ಏನೇನೋ ತಿಳಕೊಂಡ ಬಂದೀನಿ."

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕೆಂಪಾಗಿದ್ದರೆ ಚಲೋ ಇತ್ತು. ಕೆಂಪು ಅಂದರೆ ರಕ್ತ ಓಡುತ್ತಿದೆ ಅಂತ. ಬೆಳ್ಳಗಿದೆ ಅಂದರೆ ಅಲ್ಲಿನ ರಕ್ತನಾಳಗಳೇ ಸುಟ್ಟಿವೆ. "ನೀವ ತಿಳಿಸಿ ಹೇಳ್ರಿ," ಅಂದರು. ನಾನು ಒಳಗೆ ಹೋದೆ. ಆ ತಾಯಿ ಮಗಳ ಕೂದಲು ಬಿಡಿಸಿ ಒಣಗಿಸುತ್ತ, ಮನೆದೇವರಿಗೆ ಕಾಯಿ ಹರಕೆ ಹೊತ್ತದ್ದನ್ನು ಹೇಳುತ್ತಿದ್ದಳು. ಮರುದಿನ ಹೇಳಿದೆ. ಪೂರಾ ಕೇಳಿಸಿಕೊಂಡು, "ಆದ್ರ ಕೆಂಪ ಇಲ್ಲಲ್ಲರಿ," ಅಂದಳು.

ಆಮೇಲಿನದು ಹನಿ ಹಾಕುವ ದಿನಗಳು. ಒಂದು ಔಷಧಿಯ ಹನಿ ಆರುವಷ್ಟರಲ್ಲಿ ಇನ್ನೊಂದು. ರೆಪ್ಪೆ ಒಳಗಿನಿಂದ ಗುಡ್ಡೆಗೆ ಅಂಟಿಕೊಳ್ಳಬಾರದು ಎಂದು ಡಾಕ್ಟರು ಸಣ್ಣ ಗಾಜಿನ ಕಡ್ಡಿ ಆಡಿಸಿ ಬಿಡಿಸುತ್ತಿದ್ದರು. ಆಗ ಮಾತ್ರ ಆಕೆ ನನ್ನ ಮುಂಗೈ ಹಿಡಿದು ಉಗುರು ಒತ್ತುತ್ತಿದ್ದಳು. ಮಾಲಕರು ಲ್ಯಾಬಿಗೆ ಮಬ್ಬಾಗದ ಹೊಸ ಗಾಗಲ್ಲು ತಂದರು, ಕಣ್ಣು ತೊಳೆಯಲಿಕ್ಕೇ ಅಂತ ಬೇರೆ ಟಾಕಿ ಕೂಡಿಸಿದರು. ಅದನ್ನು ಕೇಳಿ ಆಕೆ, "ಆ ಟಾಕಿ ನೀರ ಸುಮ್ನ ಕುಂತ ಕೆಡತೈತೇನ ಅಕ್ಕಾ?" ಅಂದಳು. ವಾರಕ್ಕೊಮ್ಮೆ ಖಾಲಿ ಮಾಡಿ ತುಂಬುತ್ತೇವೆ ಎಂದಾಗ ಮುಖ ಹಿಂಡಿದಳು.

ಪಾಪೆಯ ಮೇಲೆ ಗಂಜಿಯ ಕೆನೆಯಂಥ ಪರೆ ನಿಂತಿತು. ಮುಂದೆ ಯಾರಾದರೂ ದಾನ ಕೊಟ್ಟ ಕಣ್ಣಿನ ಕಾರ್ನಿಯಾ ಕೂಡಿಸಬಹುದು, ಆದರೆ ಸುಟ್ಟ ಕಣ್ಣಿನಲ್ಲಿ ಅದು ನಿಲ್ಲುವುದು ಕಷ್ಟ ಅಂದಿದ್ದರು. ಅದಕ್ಕೂ ಮೊದಲು ಕಣ್ಣಿಗೆ ಎಷ್ಟು ಗೊತ್ತಾಗುತ್ತದೆ ಅಂತ ಮನೆಯಲ್ಲೇ ನೋಡುತ್ತಿರಿ ಅಂದರು. ರಜೆಯ ದಿನಗಳಲ್ಲಿ ನಾನು ಬಬಲೇಶ್ವರಕ್ಕೆ ಹೋಗುತ್ತಿದ್ದೆ. ಆಕೆಯ ಬಲಗಣ್ಣಿಗೆ ಅಂಗೈ ಮುಚ್ಚಿಸಿ, ಮುಂದೆ ನಿಂತು ಕೈ ಆಡಿಸುತ್ತಿದ್ದೆ. ಬಾಗಿಲು ತೆರೆದರೆ ಬೆಳಕು ಅಂತ ಹೇಳುತ್ತಿದ್ದಳು. ಬೆರಳು ಎಷ್ಟು ಅಂದರೆ ಯೋಚಿಸಿ ಒಂದು ಸಂಖ್ಯೆ ಹೇಳುತ್ತಿದ್ದಳು. ನಾನು ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ.

ಕಳೆದ ಸಲ ಹೋದಾಗ ಆಕೆಯ ಅವ್ವ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಗೋಡೆಗೆ ಒರಗಿ ಬಲಗಣ್ಣು ಮುಚ್ಚಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹನಿಯ ಬಾಟಲಿ ಒಳಗೋಡೆಯ ಮಾಡದಲ್ಲಿದೆ ಅಂತ ನೆನಪಾಗಿ ಸದ್ದಿಲ್ಲದೆ ಒಳಗೆ ಬಂದು, ಆಕೆಯ ಪಕ್ಕದಿಂದಲೇ ಹಾದು ಅದನ್ನು ತೆಗೆದುಕೊಂಡೆ.

"ಇವತ್ತ ಕಾಣತೈತೇನ ಬೇ?" ಅವ್ವ ತಿರುಗದೆ ಕೇಳಿದಳು.

"ಕಾಣತೈತಿ," ಅಂದಳು ಹುಡುಗಿ, ಬಾಗಿಲ ಕಡೆಗೆ ಮುಖ ಮಾಡಿ. "ಅಕ್ಕ ಬಾಗಲದಾಗ ನಿಂತಾರ. ಹಸರ ಸೀರಿ ಉಟ್ಟಾರ."

ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈಯನ್ನು ಮೊಣಕಾಲಿಗೆ ಊರಿ ಆ ತಾಯಿ ತಿರುಗಲಿಕ್ಕೆ ಹತ್ತಿದ್ದಳು. ಅಷ್ಟರಲ್ಲಿ ನಾನು ಸಪ್ಪಳಾಗದಂತೆ ಬಳೆ ಒತ್ತಿ ಹಿಡಿದು, ಮಗಳ ಕಾಲು ದಾಟಿ, ಹೋಗಿ ಬಾಗಿಲಲ್ಲಿ ನಿಂತೆ.

"ಹೌದ ನೋಡು," ಅಂದಳು ಅವ್ವ, ನನ್ನ ಮುಖವನ್ನೇ ನೋಡುತ್ತ. "ಅಲ್ಲೇ ಅದಾರ."